ಟೆಸ್ಟ್ ಎಲ್ಲ ಹಸಿರು, ಆದರೆ ಮಳೆ ಲೆಕ್ಕ ತಪ್ಪು: ಮೋಕಾದಲ್ಲಿ ಚಾಯ್ ಹೊಂದಿಸುವುದು ಹೇಗೆ?

ಮಳೆಮಾಪಕ, ಚಿಕ್ಕಮಗಳೂರು:

ನಮಸ್ಕಾರ ಎಲ್ಲರಿಗೂ. ಇಲ್ಲಿ ನಾವು ಮೂರು ಜನ ಸೇರಿ ಕಾಫಿ ಬೆಳೆಗಾರರಿಗೆ ಒಂದು ಆ್ಯಪ್ ಬರೆಯುತ್ತಿದ್ದೇವೆ. ದಿನದ ಮಳೆ, ಕೊಯ್ಲು, ಚೀಲ, ಔಟ್‌ಟರ್ನ್ (ಚೀಲಕ್ಕೆ ಸಿಗುವ ಬೇಳೆಯ ತೂಕ), ಆಳುಗಳ ಹಾಜರಿ ಎಲ್ಲ ಅದರಲ್ಲಿ ಬರೆದಿಡಬಹುದು. ಸರ್ವರ್ ಕಡೆ ನೋಡ್, ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ. ಟೆಸ್ಟ್ ಓಡಿಸಲು ಮೋಕಾ, ಅಸರ್ಷನ್‌ಗೆ (ಬಂದ ಉತ್ತರ ನಿರೀಕ್ಷಿಸಿದ್ದೇ ಎಂದು ನೋಡುವ ಸಾಲಿಗೆ) ಚಾಯ್ ಲೈಬ್ರರಿ. ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ಯೆಮನ್‌ನ ಮೋಕಾ ಊರಿನಿಂದ ಎಂದು ನಮ್ಮ ಗಿರಿಯ ಕಥೆ ಹೇಳುತ್ತದೆ. ಹಾಗಾಗಿ ಆ ಹೆಸರಿನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ.

ಹೋದ ವಾರ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿದರು. ಅವರ ತೋಟಕ್ಕೆ ಎರಡು ಸಲ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದಿತ್ತು. ಒಂದು ದಿನ 10 ಸೆಂಟ್, ಇನ್ನೊಂದು ದಿನ 25 ಸೆಂಟ್. ಒಟ್ಟು 35 ಸೆಂಟ್ ಆಗಬೇಕು, ಆ್ಯಪ್ 10 ಇಂಚು 25 ಸೆಂಟ್ ಅಂತ ತೋರಿಸುತ್ತಿದೆ. ಬಯಲುಸೀಮೆಯವರಿಗೆ ಹೇಳುವುದಾದರೆ, ನಮ್ಮ ಕಡೆ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹೂಮಳೆ ಸಾಕಷ್ಟು ಬಂದಿಲ್ಲ ಎಂದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಈ ಲೆಕ್ಕ ತಪ್ಪಿದರೆ ಒಂದು ವರ್ಷದ ಫಸಲಿಗೇ ಪೆಟ್ಟು. ಅವರು ಬೈಯಲಿಲ್ಲ. ಆದರೆ "ನಿಮ್ಮನ್ನು ನಂಬಿಕೊಂಡು ಪುಸ್ತಕದಲ್ಲಿ ಬರೆಯುವುದು ಬಿಟ್ಟೆ" ಎಂದರು. ಅದು ಬೈಗುಳಕ್ಕಿಂತ ಜಾಸ್ತಿ ತಾಗಿತು.

ನಮ್ಮಲ್ಲಿ ಇನ್ನೂರಕ್ಕೂ ಹೆಚ್ಚು ಟೆಸ್ಟ್ ಇವೆ, ಎಲ್ಲ ಹಸಿರು, ಅಂದರೆ ಪಾಸ್. ಮಳೆಗೇ ಎರಡು ಟೆಸ್ಟ್ ಇವೆ. ಹಾಗಾದರೆ ಅವು ಏನು ನೋಡುತ್ತಿದ್ದವು? ಇದರ ಜೊತೆಗೆ ಇನ್ನೂ ಮೂರು ತೊಡಕು. ಚಾಯ್ 4 ರಿಂದ 5 ಕ್ಕೆ ಹೋದರೆ ಏನೂ ಓಡುವುದಿಲ್ಲ, ಲೈಬ್ರರಿಯನ್ನು ಒಳಗೆ ತರುವ ರಿಕ್ವೈರ್ ಸಾಲಿನಲ್ಲೇ ನಿಲ್ಲುತ್ತದೆ. ಸೋತಾಗ ಬರುವ ಸಂದೇಶ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಮತ್ತೆ ಚಾಯ್ ಸೆಟ್ಟಿಂಗ್ ಸಾಲುಗಳು ನಲವತ್ತು ಫೈಲ್‌ಗಳ ತಲೆಯಲ್ಲಿ ಚದುರಿಹೋಗಿವೆ. ಎಲ್ಲಿಂದ ಹಿಡಿಯಲಿ?

ಹಾಸನ ಜಾವಾ:

ಮೊದಲು ಆ ಎರಡು ಟೆಸ್ಟ್ ಇಲ್ಲಿ ಹಾಕಿ. ಅದನ್ನು ನೋಡದೆ ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಮಳೆಮಾಪಕ, ಚಿಕ್ಕಮಗಳೂರು:

ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಒಂದು ದಿನದ ಟೆಸ್ಟ್:

ಅಸರ್ಟ್.ಈಕ್ವಲ್(ಒಟ್ಟುಮಳೆ(['10']), 10)

ತಿಂಗಳ ಟೆಸ್ಟ್, ಇದು ಡೇಟಾಬೇಸ್‌ನಿಂದ ಓದುತ್ತದೆ:

ತಿಂಗಳಮಳೆ(ತೋಟ).ದೆನ್(ಒಟ್ಟು => ಎಕ್ಸ್‌ಪೆಕ್ಟ್(ಒಟ್ಟು).ಟು.ಈಕ್ವಲ್(35)).ಕ್ಯಾಚ್(ಕನ್ಸೋಲ್.ಲಾಗ್)

ಒಟ್ಟುಮಳೆ ಒಳಗೆ ರೆಡ್ಯೂಸ್ ಇದೆ, ಸೊನ್ನೆಯಿಂದ ಶುರು ಮಾಡಿ ಕೂಡುತ್ತಾ ಹೋಗುತ್ತದೆ. ಫಾರ್ಮ್‌ನಿಂದ ಬರುವ ಮಳೆ ಅಂಕೆಯಲ್ಲ, ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಅದು ಈಗ ಹೊಳೆಯಿತು.

ಕಳಸದ ಹಾದಿ:

ಎರಡೂ ಟೆಸ್ಟ್ ಬೇರೆ ಬೇರೆ ಕಾರಣಕ್ಕೆ ಸುಮ್ನೆ ಹಸಿರಾಗಿವೆ.

ಮೊದಲನೆಯದು. ಸೊನ್ನೆಗೆ '10' ಎಂಬ ಸ್ಟ್ರಿಂಗ್ ಕೂಡಿದರೆ ಜಾವಾಸ್ಕ್ರಿಪ್ಟ್‌ನಲ್ಲಿ '010' ಆಗುತ್ತದೆ, ಸಂಖ್ಯೆಯಲ್ಲ. ಅದಕ್ಕೆ '25' ಕೂಡಿದರೆ '01025'. ನೂರರಿಂದ ಭಾಗಿಸಿ ತೋರಿಸಿದಾಗ 10.25. ನಿಮ್ಮ ಬೆಳೆಗಾರರು ಕಂಡ ಹತ್ತು ಇಂಚು ಇದೇ. ಟೆಸ್ಟ್ ಏಕೆ ಹಿಡಿಯಲಿಲ್ಲ ಅಂದರೆ, ಚಾಯ್‌ನ ಅಸರ್ಟ್ ಶೈಲಿಯಲ್ಲಿ ಈಕ್ವಲ್ ಎಂದರೆ ಎರಡು ಸಮ ಚಿಹ್ನೆಯ ಸಡಿಲ ಹೋಲಿಕೆ. '010' ಮತ್ತು 10 ಅದರ ಕಣ್ಣಿಗೆ ಒಂದೇ. ಎಕ್ಸ್‌ಪೆಕ್ಟ್ ಶೈಲಿಯಲ್ಲಿ ಅದೇ ಈಕ್ವಲ್ ಎಂಬ ಪದಕ್ಕೆ ಮೂರು ಸಮ ಚಿಹ್ನೆಯ ಬಿಗಿ ಅರ್ಥ. ಒಂದೇ ಲೈಬ್ರರಿ, ಒಂದೇ ಪದ, ಎರಡು ಅರ್ಥ. ಅಸರ್ಟ್ ಶೈಲಿಯೇ ಬೇಕು ಅಂದರೆ ಸ್ಟ್ರಿಕ್ಟ್‌ಈಕ್ವಲ್ ಬಳಸಬೇಕು. ನೋಡ್ ಜೊತೆಗೇ ಬರುವ ಅಸರ್ಟ್‌ನಲ್ಲೂ ಇದೇ ಕಥೆ, ಅಲ್ಲಿ ಸ್ಟ್ರಿಕ್ಟ್ ಎಂಬ ಬೇರೆ ರೂಪ ಕೊಟ್ಟಿದ್ದಾರೆ.

ಎರಡನೆಯದು ಇನ್ನೂ ಕೆಟ್ಟದ್ದು. ಪ್ರಾಮಿಸ್ (ಉತ್ತರ ಆಮೇಲೆ ಕೊಡುತ್ತೇನೆ ಎಂಬ ಚೀಟಿ) ಅನ್ನು ರಿಟರ್ನ್ ಮಾಡಿಲ್ಲ, ಹಾಗಾಗಿ ಮೋಕಾ ಕಾಯುವುದೇ ಇಲ್ಲ. ಅಸರ್ಷನ್ ನಿಜವಾಗಿಯೂ ಸೋತಿದೆ. ಸೋತದ್ದನ್ನು ಎರರ್ ಹಿಡಿಯುವ ಆ ಕ್ಯಾಚ್ ನುಂಗಿ ಕನ್ಸೋಲ್‌ಗೆ ಉಗುಳಿದೆ. ನಿಮ್ಮ ಲಾಗ್ ತೆಗೆದು ನೋಡಿ, ಎಷ್ಟೋ ದಿನದಿಂದ ಅದು ಅಲ್ಲೇ ಕೂಗುತ್ತಿರಬೇಕು. ಟೆಸ್ಟನ್ನು ಅಸಿಂಕ್ ಫಂಕ್ಷನ್ ಮಾಡಿ, ಅವೇಯ್ಟ್ ಹಾಕಿ, ಕ್ಯಾಚ್ ಕಿತ್ತು ಬಿಸಾಡಿ. ಟೆಸ್ಟ್ ಫೋಲ್ಡರ್ ಪೂರ್ತಿ ಕ್ಯಾಚ್ ಎಂದು ಹುಡುಕಿ ಒಂದೊಂದೇ ನೋಡಿ.

ಮಳೆಮಾಪಕ, ಚಿಕ್ಕಮಗಳೂರು:

ಲಾಗ್ ನೋಡಿದೆ. ಇದೆ. ನಾಲ್ಕು ತಿಂಗಳಿಂದ ಇದೆ. ಕ್ಯಾಚ್ ಹುಡುಕಿದರೆ ಹದಿನೇಳು ಕಡೆ ಸಿಕ್ಕಿತು. ಇವತ್ತು ಸಂಜೆ ಅದನ್ನೇ ಸರಿ ಮಾಡುತ್ತೇನೆ. ಸೆಟ್ಟಿಂಗ್ ವಿಷಯವನ್ನೂ ಯಾರಾದರೂ ಬಿಡಿಸಿ ಹೇಳಿ. ನಮ್ಮ ಟೆಸ್ಟ್ ಫೋಲ್ಡರ್‌ನಲ್ಲಿ ಮೋಕಾ.ಆಪ್ಟ್ಸ್ ಎಂಬ ಫೈಲ್ ಇದೆ, ಅದರಲ್ಲಿ ಬರೆದದ್ದು ಯಾವುದೂ ಕೆಲಸ ಮಾಡುತ್ತಿಲ್ಲ. ಅದಕ್ಕೇ ಪ್ರತಿ ಫೈಲ್‌ನ ತಲೆಯಲ್ಲಿ ಬರೆಯಲು ಶುರು ಮಾಡಿದ್ದು.

ಕಳಸದ ಹಾದಿ:

ಆ ಫೈಲ್ ಈಗ ಮೋಕಾಕ್ಕೆ ಕಾಣುವುದೇ ಇಲ್ಲ. 2020 ರಲ್ಲಿ ಬಂದ ಮೋಕಾ 8 ಅದನ್ನು ತೆಗೆದುಹಾಕಿತು. ಅದಕ್ಕೂ ಮೊದಲೇ, ಮೋಕಾ 6 ರಿಂದ, ಮೋಕಾ-ಆರ್‌ಸಿ ಎಂಬ ಫೈಲ್ ಬಂದಿದೆ. ಹೆಸರಿನ ಮುಂದೆ ಒಂದು ಚುಕ್ಕೆ, ಕೊನೆಗೆ ಜೇಸನ್, ಯಾಮಲ್ ಅಥವಾ ಜೆಎಸ್, ಯಾವುದಾದರೂ ಸರಿ. ಪ್ರಾಜೆಕ್ಟ್‌ನ ಬೇರಿನಲ್ಲಿ ಇಡಿ. ಅದರಲ್ಲಿ ರಿಕ್ವೈರ್ ಎಂಬ ಸಾಲಿಗೆ ನಿಮ್ಮ ಸೆಟಪ್ ಫೈಲ್‌ನ ದಾರಿ ಕೊಡಿ. ಚಾಯ್‌ಗೆ ಸೇರಿದ್ದೆಲ್ಲ ಆ ಒಂದೇ ಸೆಟಪ್ ಫೈಲ್‌ನಲ್ಲಿ ಇರಲಿ. ಒಂದೇ ಪ್ರೊಸೆಸ್ ಒಳಗೆ ಚಾಯ್ ಒಮ್ಮೆ ಲೋಡ್ ಆದರೆ ಎಲ್ಲ ಫೈಲ್‌ಗೂ ಅದೇ ಪ್ರತಿ ಸಿಗುತ್ತದೆ, ಹಾಗಾಗಿ ಒಂದು ಕಡೆ ಬದಲಿಸಿದ ಕಾನ್ಫಿಗ್ ಎಲ್ಲ ಕಡೆ ನಿಲ್ಲುತ್ತದೆ. ನಲವತ್ತು ಕಡೆ ಬರೆದದ್ದನ್ನು ಅಳಿಸಿ.

ಇದರಲ್ಲಿ ಒಂದು ಗುಂಡಿ ಇದೆ. ಯಾವುದೋ ಪ್ಲಗಿನ್ ತನ್ನದೇ ಹಳೆಯ ಚಾಯ್ ಹೊತ್ತು ತಂದಿದ್ದರೆ ನೋಡ್ ಮಾಡ್ಯೂಲ್ಸ್ ಒಳಗೆ ಎರಡು ಚಾಯ್ ಇರುತ್ತವೆ. ಆಗ ಒಂದಕ್ಕೆ ಹಾಕಿದ ಸೆಟ್ಟಿಂಗ್ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಎನ್‌ಪಿಎಂ ಎಲ್‌ಎಸ್ ಚಾಯ್ ಎಂದು ಟೈಪ್ ಮಾಡಿ, ಎಷ್ಟಿವೆ ನೋಡಿ.

ಸಂದೇಶ ಕತ್ತರಿಸಿಹೋಗುವುದು ಟ್ರಂಕೇಟ್ ಥ್ರೆಶೋಲ್ಡ್ ದೆಸೆಯಿಂದ. ಅದರ ಡಿಫಾಲ್ಟ್ 40. ತೋಟದ ಹೆಸರು, ಹೋಬಳಿ, ಚೀಲ ಎಲ್ಲ ಇರುವ ಒಂದು ಆಬ್ಜೆಕ್ಟ್‌ಗೆ ನಲವತ್ತು ಅಕ್ಷರ ಎಲ್ಲಿ ಸಾಕಾಗುತ್ತದೆ? ಸೊನ್ನೆ ಕೊಟ್ಟರೆ ಪೂರ್ತಿ ತೋರಿಸುತ್ತದೆ. ಇನ್‌ಕ್ಲೂಡ್ ಸ್ಟ್ಯಾಕ್ ಡಿಫಾಲ್ಟ್ ಆಗಿ ಫಾಲ್ಸ್. ಪ್ಲಗಿನ್ ಬರೆಯುವಾಗ ಬಿಟ್ಟರೆ ಅದನ್ನು ಮುಟ್ಟಬೇಡಿ, ಚಾಯ್‌ನ ಒಳಗಿನ ಸಾಲುಗಳೇ ಪರದೆ ತುಂಬಿಬಿಡುತ್ತವೆ. ಶೋ ಡಿಫ್ ಟ್ರೂ ಇದೆ, ಇರಲಿ. ಯೂಸ್ ಪ್ರಾಕ್ಸಿ ಕೂಡ ಟ್ರೂ, ಅದನ್ನು ಮಾತ್ರ ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಟು.ಬಿ.ಟ್ರೂ ಎಂಬುದನ್ನು ಕೈತಪ್ಪಿ ಬೇರೆ ಸ್ಪೆಲಿಂಗ್‌ನಲ್ಲಿ ಬರೆದರೆ ಹಳೆಯ ಚಾಯ್ ಸುಮ್ಮನೆ ಪಾಸ್ ಮಾಡುತ್ತಿತ್ತು. ಚಾಯ್ 4 ರಿಂದ ಪ್ರಾಕ್ಸಿ ಬಂದ ಮೇಲೆ ಅಂಥ ಪ್ರಾಪರ್ಟಿ ಇಲ್ಲ ಎಂದು ಎರರ್ ಕೊಡುತ್ತದೆ. ಆದರೆ ಟು.ಈಕ್ವಲ್ ಎಂದು ಬರೆದು ಆವರಣ ಚಿಹ್ನೆ ಹಾಕುವುದು ಮರೆತರೆ ಪ್ರಾಕ್ಸಿಯೂ ಹಿಡಿಯುವುದಿಲ್ಲ. ಯಾಕೆಂದರೆ ಈಕ್ವಲ್ ಎಂಬುದು ಅಲ್ಲಿ ಇದೆ, ನೀವು ಕರೆದಿಲ್ಲ ಅಷ್ಟೇ.

ಹೇಮಾವತಿ ದಂಡೆ, ಹಾಸನ:

ಚಾಯ್ 5 ಬಗ್ಗೆ ನಾನು ಹೇಳುತ್ತೇನೆ, ನಾನೂ ಒಂದು ಭಾನುವಾರ ಪೂರ್ತಿ ಅದರಲ್ಲಿ ಕಳೆದಿದ್ದೇನೆ. ಅದು ಇಎಸ್ ಮಾಡ್ಯೂಲ್ ಮಾತ್ರ, ಅಂದರೆ ಇಂಪೋರ್ಟ್ ಎಂದು ಕರೆಯುವ ಹೊಸ ರೂಪ. ಹಳೆಯ ರಿಕ್ವೈರ್ ಹಾಕಿದರೆ ಹಳೆಯ ನೋಡ್ ಒಪ್ಪುವುದಿಲ್ಲ. ನೋಡ್ 22.12 ರಿಂದ ರಿಕ್ವೈರ್ ಮೂಲಕವೂ ಇಎಸ್ ಮಾಡ್ಯೂಲ್ ತರಬಹುದು, ಫ್ಲ್ಯಾಗ್ ಬೇಕಿಲ್ಲ. ನಿಮ್ಮದು ದೊಡ್ಡ ಹಳೆಯ ಕೋಡ್ ಆಗಿದ್ದರೆ ಚಾಯ್ 4 ರಲ್ಲೇ ಇರುವುದು ಅವಮಾನವೇನಲ್ಲ, ಪ್ಯಾಕೇಜ್ ಫೈಲ್‌ನಲ್ಲಿ 4 ಎಂದು ಕಟ್ಟಿಹಾಕಿ. ಹೊಸದಾಗಿ ಹೋಗುವುದಾದರೆ ಇಂಪೋರ್ಟ್ ಸಾಲುಗಳನ್ನು ಬದಲಿಸಿ. ಡಿಫಾಲ್ಟ್ ಎಕ್ಸ್‌ಪೋರ್ಟ್ ಇಲ್ಲ, ಎಕ್ಸ್‌ಪೆಕ್ಟ್, ಯೂಸ್ ಇತ್ಯಾದಿಗಳನ್ನು ಹೆಸರು ಹೇಳಿ ಕರೆಯಬೇಕು.

ನನ್ನ ಕಿವಿಮಾತು: ಎರಡೂ ಕೆಲಸ ಒಂದೇ ದಿನ ಮಾಡಬೇಡಿ. ಮೊದಲು 4 ರಲ್ಲೇ ಟೆಸ್ಟ್‌ಗಳನ್ನು ನಿಜವಾದ ಟೆಸ್ಟ್ ಮಾಡಿ. ಆಮೇಲೆ 5 ಕ್ಕೆ ಹೋಗಿ. ಇಲ್ಲದಿದ್ದರೆ ಕೆಂಪು ಬಂದಾಗ ತಪ್ಪು ನಿಮ್ಮದೋ ವರ್ಷನ್‌ನದೋ ಗೊತ್ತಾಗುವುದಿಲ್ಲ.

ಸಕಲೇಶಪುರ ಘಾಟಿ:

ಇಷ್ಟೆಲ್ಲ ಯಾಕೆ, ವೀಟೆಸ್ಟ್ ಎಂಬ ಬೇರೆ ಟೆಸ್ಟ್ ರನ್ನರ್‌ಗೆ ಹೋಗಿಬಿಡಿ. ಅದರ ಒಳಗೂ ಚಾಯ್ ಇದೆ, ಮೇಲೆ ಜೆಸ್ಟ್ (ಇನ್ನೊಂದು ಟೆಸ್ಟ್ ರನ್ನರ್) ತರಹದ ಎಕ್ಸ್‌ಪೆಕ್ಟ್ ಕೂಡ ಇದೆ. ಕಾನ್ಫಿಗ್ ಫೈಲ್‌ನಲ್ಲೇ ಚಾಯ್ ಕಾನ್ಫಿಗ್ ಎಂಬ ಜಾಗವಿದೆ, ಟ್ರಂಕೇಟ್ ಥ್ರೆಶೋಲ್ಡ್ ಅಲ್ಲೇ ಹಾಕಬಹುದು. ಎಕ್ಸ್‌ಪೆಕ್ಟ್ ಒಳಗೆ ರಿಕ್ವೈರ್ ಅಸರ್ಷನ್ಸ್ ಎಂಬುದನ್ನು ಟ್ರೂ ಮಾಡಿದರೆ ಒಂದೂ ಅಸರ್ಷನ್ ಓಡದ ಟೆಸ್ಟ್ ತಾನಾಗಿಯೇ ಸೋಲುತ್ತದೆ. ನಿಮ್ಮ ತಿಂಗಳ ಟೆಸ್ಟ್ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆದರೆ ಹೋಗುವವರು ಒಂದು ವಿಷಯ ತಿಳಿದು ಹೋಗಿ, ನಾನು ಕೈ ಸುಟ್ಟುಕೊಂಡಿದ್ದೇನೆ. ನಮ್ಮಲ್ಲೂ ಮಳೆ ಲೆಕ್ಕವಿತ್ತು, ಇಂಚಿನಲ್ಲಿ ದಶಮಾಂಶ. 0.1 ಅನ್ನು ಮೂರು ಸಲ ಕೂಡಿದರೆ 0.30000000000000004 ಬರುತ್ತದೆ, ಹಾಗಾಗಿ ನೇರ ಸಮ ಎಂದು ಕೇಳುವಂತಿಲ್ಲ. ಚಾಯ್‌ನಲ್ಲಿ ಕ್ಲೋಸ್‌ಟು(0.3, 0.001) ಎಂದು ಬರೆದಿದ್ದೆವು. ಎರಡನೆಯ ಅಂಕೆ ಎಂದರೆ ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬುದು. ಜೆಸ್ಟ್ ಶೈಲಿಗೆ ಬದಲಿಸುವಾಗ ಅದನ್ನೇ ಟುಬಿಕ್ಲೋಸ್‌ಟು(0.3, 0.001) ಮಾಡಿದೆವು. ಅಲ್ಲಿ ಎರಡನೆಯ ಅಂಕೆ ಎಂದರೆ ದಶಮಾಂಶದ ಎಷ್ಟು ಸ್ಥಾನ ಎಂದು. 2 ಎಂದು ಕೊಟ್ಟರೆ 0.005 ಒಳಗಿನ ವ್ಯತ್ಯಾಸ ಒಪ್ಪುತ್ತದೆ. 0.001 ಎಂದು ಕೊಟ್ಟರೆ? ಹತ್ತರ ಮೈನಸ್ 0.001 ಘಾತ, ಅದರ ಅರ್ಧ. ಸುಮಾರು 0.499. ಅಂದರೆ ಅರ್ಧ ಇಂಚು ಮಳೆ ಹೆಚ್ಚುಕಮ್ಮಿಯಾದರೂ ಹಸಿರು! ಮೊದಲಿಗಿಂತ ಬಿಗಿ ಮಾಡಿದ್ದೇವೆ ಎಂದುಕೊಂಡು ಬೇಲಿಯನ್ನೇ ಕಿತ್ತಿದ್ದೆವು.

ಮಳೆಮಾಪಕ, ಚಿಕ್ಕಮಗಳೂರು:

ಅರ್ಧ ಇಂಚು! ಹೂಮಳೆ ಬಂತೋ ಇಲ್ಲವೋ ಎನ್ನುವುದೇ ಅಷ್ಟರಲ್ಲಿ ತೀರ್ಮಾನ ಆಗಿಬಿಡುತ್ತದೆ ಅಲ್ವಾ. ನಾವು ಸೆಂಟ್ ಅನ್ನು ಪೂರ್ಣಾಂಕವಾಗಿ ಇಡುತ್ತೇವೆ, ಆ ಮಟ್ಟಿಗೆ ಬಚಾವ್. ಆದರೆ ಔಟ್‌ಟರ್ನ್ ಲೆಕ್ಕದಲ್ಲಿ ದಶಮಾಂಶ ಇದೆ. 50 ಕೆಜಿ ಚೆರ್ರಿ ಚೀಲದಲ್ಲಿ 26.5 ಕೆಜಿ ಬೇಳೆ ಬಂದರೆ ಅದೇ ಅದರ ಔಟ್‌ಟರ್ನ್, ಅದನ್ನು ಕೆಜಿ ದರದಿಂದ ಗುಣಿಸಿದರೆ ಚೀಲದ ಬೆಲೆ. ಅದನ್ನೂ ಗ್ರಾಂ ಮತ್ತು ಪೈಸೆಗೆ ಬದಲಿಸುತ್ತೇನೆ. ಆಗ ಹತ್ತಿರಹತ್ತಿರ ಎಂಬ ಅಸರ್ಷನ್ನೇ ಬೇಕಾಗುವುದಿಲ್ಲ.

ವೀಟೆಸ್ಟ್ ಬಗ್ಗೆ ಯೋಚಿಸುತ್ತೇನೆ, ಈಗಲೇ ಅಲ್ಲ. ಕೊಯ್ಲಿನ ಹೊತ್ತಿಗೆ ಎಲ್ಲ ಗಟ್ಟಿಯಾಗಿರಬೇಕು.

ಬಿಸಿಲೆ ಕಾಡು:

ಲೈಬ್ರರಿಯೇ ಬೇಡ ಎನ್ನುವ ಪಕ್ಷ ನನ್ನದು. ನೋಡ್ 20 ರಿಂದ ಅದರದ್ದೇ ಟೆಸ್ಟ್ ರನ್ನರ್ ಸ್ಥಿರವಾಗಿದೆ. ಜೊತೆಗೆ ಅಸರ್ಟ್ ಸ್ಟ್ರಿಕ್ಟ್. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ವರ್ಷನ್ ಜಗಳ ಇಲ್ಲ.

ಹಾಸನ ಜಾವಾ:

ಅದೂ ಸರಿ. ಆದರೆ ಕ್ಯಾಚ್ ನುಂಗಿದರೆ ಯಾವ ರನ್ನರ್ ಆದರೂ ಹಸಿರೇ.

ಜಾವಾದಲ್ಲೂ ಇದೇ ರೋಗ ಬೇರೆ ವೇಷದಲ್ಲಿ ಬರುತ್ತದೆ. ಜೆಯುನಿಟ್ ಎಂಬ ಟೆಸ್ಟ್ ಲೈಬ್ರರಿಯ ಅಸರ್ಟ್‌ಈಕ್ವಲ್ಸ್‌ಗೆ ಮೊದಲು ನಿರೀಕ್ಷೆ, ಆಮೇಲೆ ನಿಜವಾಗಿ ಬಂದದ್ದು. ಟೆಸ್ಟ್‌ಎನ್‌ಜಿಯಲ್ಲಿ ಅದೇ ಹೆಸರಿಗೆ ಕ್ರಮ ಉಲ್ಟಾ. ಎರಡೂ ಇರುವ ಪ್ರಾಜೆಕ್ಟ್‌ನಲ್ಲಿ ಐಡಿಇ ತಪ್ಪು ಇಂಪೋರ್ಟ್ ಸೇರಿಸಿದರೆ ಟೆಸ್ಟ್ ಓಡುತ್ತದೆ, ಸೋತಾಗ ಮಾತ್ರ ಸಂದೇಶ ತಿರುಗಾಮುರುಗಾ. ನಾನು ಒಮ್ಮೆ ಇಡೀ ಮಧ್ಯಾಹ್ನ ಸರಿಯಾಗಿದ್ದ ಕಡೆಯೇ ತಪ್ಪು ಹುಡುಕಿದೆ. ಜೆಯುನಿಟ್ 4 ರಲ್ಲಿ ಸಂದೇಶ ಮೊದಲ ಆರ್ಗ್ಯುಮೆಂಟ್, 5 ರಲ್ಲಿ ಕೊನೆಯದು. ಮೂರೂ ಸ್ಟ್ರಿಂಗ್ ಆಗಿದ್ದರೆ ಕಂಪೈಲರ್ ಏನೂ ಹೇಳುವುದಿಲ್ಲ, ಸಂದೇಶವನ್ನೇ ನಿರೀಕ್ಷೆ ಅಂದುಕೊಂಡು ಹೋಲಿಸುತ್ತದೆ. ಅಸರ್ಟ್‌ಜೆಯಲ್ಲಿ ಅಸರ್ಟ್‌ದಟ್(ಬೆಲೆ) ಎಂದು ಬರೆದು ಮುಂದೆ ಏನೂ ಬರೆಯದಿದ್ದರೆ ಅದೂ ಹಸಿರು. ಹಾಗಾಗಿ ನಮ್ಮ ತಂಡದಲ್ಲಿ ಒಂದೇ ಅಸರ್ಷನ್ ಲೈಬ್ರರಿ ಎಂದು ಬರೆದಿಟ್ಟುಕೊಂಡಿದ್ದೇವೆ, ಬೇರೆಯದರ ಇಂಪೋರ್ಟ್ ಬಂದರೆ ಬಿಲ್ಡ್ ನಿಲ್ಲುತ್ತದೆ. ಯಾವುದು ಎನ್ನುವುದಕ್ಕಿಂತ ಒಂದೇ ಇರುವುದು ಮುಖ್ಯ ಎಂದು ನನ್ನ ಅನುಭವ.

ಕೊನೆ ಬೆಂಚು, ಹಾಸನ:

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಪೈಥಾನ್. ಪೈಟೆಸ್ಟ್‌ನಲ್ಲಿ ಅಸರ್ಟ್ ಬರೆದರೆ ಎಡಗಡೆ ಏನಿತ್ತು ಬಲಗಡೆ ಏನಿತ್ತು ಎಂದು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಆದರೆ ನಾನು ಹೆಲ್ಪರ್ ಫೈಲ್‌ನಲ್ಲಿ ಬರೆದ ಅಸರ್ಟ್ ಸೋತರೆ ಬರೀ ಅಸರ್ಷನ್ ಎರರ್ ಅಂತ ಬರುತ್ತದೆ, ವಿವರ ಇಲ್ಲ. ಇಲ್ಲೇ ಕೇಳಬಹುದಾ?

ಕಳಸದ ಹಾದಿ:

ಕೇಳಿ, ಅದಕ್ಕೇನಂತೆ. ಪೈಟೆಸ್ಟ್ ಟೆಸ್ಟ್ ಫೈಲ್, ಕಾನ್‌ಟೆಸ್ಟ್ ಎಂಬ ಸೆಟಪ್ ಫೈಲ್ ಮತ್ತು ಪ್ಲಗಿನ್‌ಗಳ ಅಸರ್ಟ್ ಅನ್ನು ಮಾತ್ರ ಲೋಡ್ ಮಾಡುವಾಗ ತಿದ್ದಿ ಬರೆಯುತ್ತದೆ, ವಿವರ ಬರುವುದು ಅದರಿಂದಲೇ. ನಿಮ್ಮ ಹೆಲ್ಪರ್ ಆ ಪಟ್ಟಿಯಲ್ಲಿಲ್ಲ. ಕಾನ್‌ಟೆಸ್ಟ್ ಫೈಲ್‌ನಲ್ಲಿ ಪೈಟೆಸ್ಟ್.ರಿಜಿಸ್ಟರ್ ಅಸರ್ಟ್ ರೀರೈಟ್ ಎಂದು ಕರೆದು ಹೆಲ್ಪರ್ ಹೆಸರು ಕೊಡಿ. ಹೆಲ್ಪರ್ ಇಂಪೋರ್ಟ್ ಆಗುವುದಕ್ಕೆ ಮೊದಲೇ ಕರೆಯಬೇಕು, ಆಮೇಲೆ ಕರೆದರೆ ಉಪಯೋಗವಿಲ್ಲ.

ಮಳೆಮಾಪಕ, ಚಿಕ್ಕಮಗಳೂರು:

ಎರಡು ದಿನ ಆಯಿತು. ಸೆಟಪ್ ಫೈಲ್ ಒಂದೇ ಮಾಡಿದೆ, ಅಸರ್ಟ್ ಶೈಲಿ ಪೂರ್ತಿ ತೆಗೆದು ಎಕ್ಸ್‌ಪೆಕ್ಟ್ ಮಾತ್ರ ಇಟ್ಟೆ, ಹದಿನೇಳು ಕ್ಯಾಚ್ ಕಿತ್ತೆ. ನಾಲ್ಕು ಟೆಸ್ಟ್ ಕೆಂಪಾದವು. ಮೂರು ಗೊತ್ತಾಯಿತು, ಅದೇ ಸ್ಟ್ರಿಂಗ್ ಕೂಡುವ ತಪ್ಪು. ನಾಲ್ಕನೆಯದು ತಲೆ ಕೆಡಿಸಿದೆ. ತಾಲ್ಲೂಕು ಪಟ್ಟಿಯ ಟೆಸ್ಟ್. ಸಂದೇಶ ಹೀಗಿದೆ: ಎಕ್ಸ್‌ಪೆಕ್ಟೆಡ್ 'ಕೊಪ್ಪ' ಟು ಈಕ್ವಲ್ 'ಕೊಪ್ಪ'. ಎರಡೂ ಒಂದೇ ಅಲ್ವಾ? ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುತ್ತಿಲ್ಲ. ಶೃಂಗೇರಿ, ತರೀಕೆರೆ, ಕಡೂರು ಎಲ್ಲ ಸರಿ, ಕೊಪ್ಪ ಮಾತ್ರ ಸೋಲುತ್ತಿದೆ.

ಕೊನೆ ಬೆಂಚು, ಹಾಸನ:

ಇದು ನನಗೆ ಗೊತ್ತು! ನನ್ನ ಪ್ರಾಜೆಕ್ಟ್ ಕನ್ನಡ ಪಠ್ಯದ್ದೇ. ಕೊ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಕ ಆದಮೇಲೆ ಒ ಸ್ವರಚಿಹ್ನೆ ಒಂದೇ ಕೋಡ್ ಆಗಿ ಬರಬಹುದು, ಅದರ ಸಂಖ್ಯೆ 3274. ಇಲ್ಲವೇ ಎ ಚಿಹ್ನೆ 3270 ಮತ್ತು ಊ ಚಿಹ್ನೆ 3266 ಎರಡು ತುಂಡಾಗಿ ಬರಬಹುದು. ಪರದೆಯ ಮೇಲೆ ಎರಡೂ ಒಂದೇ. ಉದ್ದ ನೋಡಿ, ಒಂದು ಕೊಪ್ಪ 5 ಬರುತ್ತದೆ, ಇನ್ನೊಂದು 6. ನಿಮ್ಮ ಪಟ್ಟಿಯನ್ನು ಯಾವುದೋ ಹಳೆಯ ಎಕ್ಸೆಲ್‌ನಿಂದ ತಂದಿರಬೇಕು. ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಎರಡೂ ಒಂದಾಗುತ್ತವೆ.

ಮಳೆಮಾಪಕ, ಚಿಕ್ಕಮಗಳೂರು:

5 ಮತ್ತು 6! ನೂರು ವರ್ಷ ಬಾಳಿ ನೀವು. ಪಟ್ಟಿ ಎಕ್ಸೆಲ್‌ನಿಂದಲೇ ಬಂದದ್ದು. ಹಾಗಾದರೆ ಚಾಯ್‌ಗೆ ನಾನೇ ಒಂದು ಹೊಸ ಅಸರ್ಷನ್ ಸೇರಿಸಲಾ, ಹೋಲಿಸುವ ಮೊದಲು ಎರಡೂ ಕಡೆ ನಾರ್ಮಲೈಸ್ ಮಾಡುವಂಥದ್ದು? ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಹೆಸರನ್ನೇ ಇಡಬಹುದು, ಒಂದೇಊರು ಎಂದು.

ಹಾಸನ ಜಾವಾ:

ದಯವಿಟ್ಟು ಬೇಡ. ಟೆಸ್ಟ್ ನಿಮಗೆ ನಿಜವಾದ ತಪ್ಪನ್ನು ತೋರಿಸಿದೆ. ಕೊಪ್ಪದ ಬೆಳೆಗಾರರು ಊರು ಹುಡುಕಿದರೆ ಆ್ಯಪ್‌ನಲ್ಲಿ ಸಿಗುವುದಿಲ್ಲ, ಅವರ ಕೀಬೋರ್ಡ್ ಒಂದು ರೂಪ ಕೊಡುತ್ತದೆ, ನಿಮ್ಮ ಪಟ್ಟಿಯಲ್ಲಿ ಇನ್ನೊಂದು ರೂಪ ಇದೆ. ಅಸರ್ಷನ್ ಅನ್ನು ಮೆತ್ತಗೆ ಮಾಡಿದರೆ ಟೆಸ್ಟ್ ಹಸಿರಾಗುತ್ತದೆ, ಅವರ ಹುಡುಕಾಟ ಹಾಗೆಯೇ ಸೋಲುತ್ತದೆ. ನಾರ್ಮಲೈಸ್ ಮಾಡುವ ಜಾಗ ಆ್ಯಪ್‌ನ ಬಾಗಿಲು. ಡೇಟಾ ಒಳಗೆ ಬರುವಾಗಲೇ ಒಂದು ರೂಪಕ್ಕೆ ತನ್ನಿ.

ಕಳಸದ ಹಾದಿ:

ಇವರ ಮಾತು ನೂರಕ್ಕೆ ನೂರು ಸರಿ. ಆದರೆ ಹೊಸ ಅಸರ್ಷನ್ ಬರೆಯಿರಿ, ಬೇರೆ ಕೆಲಸಕ್ಕೆ. ಹೋಲಿಕೆ ಬಿಗಿಯಾಗಿಯೇ ಇರಲಿ, ಸೋತಾಗಿನ ಸಂದೇಶದಲ್ಲಿ ಎರಡೂ ಕಡೆಯ ಕೋಡ್ ಸಂಖ್ಯೆಗಳನ್ನು ತೋರಿಸಲಿ. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಸಂದೇಶವಾದರೂ ಕಾಣಿಸಬೇಕು. ಸೆಟಪ್ ಫೈಲ್‌ನಲ್ಲಿ ಯೂಸ್ ಒಳಗೆ ಆ್ಯಡ್ ಮೆಥಡ್ ಕರೆಯಿರಿ. ಎರಡು ಸಂದೇಶ ಕೊಡಬೇಕು, ಒಂದು ಮಾಮೂಲು ಸೋಲಿಗೆ, ಇನ್ನೊಂದು ನಾಟ್ ಹಾಕಿದಾಗಿನ ಸೋಲಿಗೆ. ಎರಡನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ಮುಂದೆ ಚಾಯ್ ಆಸ್ ಪ್ರಾಮಿಸ್ಡ್ ಎಂಬ ಪ್ಲಗಿನ್ ಸೇರಿಸುವುದಾದರೆ ಅದು ಎಲ್ಲಕ್ಕಿಂತ ಕೊನೆಗೆ ಬರಲಿ. ಅದು ಸೇರುವ ಹೊತ್ತಿಗೆ ಇರುವ ಅಸರ್ಷನ್‌ಗಳನ್ನು ಮಾತ್ರ ಪ್ರಾಮಿಸ್‌ಗೆ ಒಗ್ಗಿಸುತ್ತದೆ, ಆಮೇಲೆ ಬಂದವು ಹೊರಗೇ ಉಳಿಯುತ್ತವೆ.

ಹೇಮಾವತಿ ದಂಡೆ, ಹಾಸನ:

ಸರ್ವರ್ ಮೇಲೆ ಓಡುವಾಗ ಫರ್ಬಿಡ್ ಓನ್ಲಿ ಕೂಡ ಮೋಕಾ-ಆರ್‌ಸಿಯಲ್ಲಿ ಹಾಕಿ. ಯಾರಾದರೂ ಒಂದು ಟೆಸ್ಟ್‌ಗೆ ಓನ್ಲಿ ಹಾಕಿ ಮರೆತರೆ ಉಳಿದವು ಓಡುವುದೇ ಇಲ್ಲ, ಹಸಿರು ಮಾತ್ರ ಬರುತ್ತದೆ. ಮತ್ತೆ ಪ್ಯಾರಲಲ್ ಮೋಡ್ (ಹಲವು ಟೆಸ್ಟ್ ಫೈಲ್ ಒಟ್ಟಿಗೆ ಓಡಿಸುವುದು) ಬಳಸುವುದಾದರೆ ಸೆಟಪ್ ಅನ್ನು ಫೈಲ್ ಆಯ್ಕೆಯಲ್ಲಿ ಕೊಡಬೇಡಿ, ಅದು ಅಲ್ಲಿ ನಡೆಯುವುದಿಲ್ಲ. ರಿಕ್ವೈರ್ ಆದರೆ ಪ್ರತಿ ವರ್ಕರ್‌ನಲ್ಲೂ ಲೋಡ್ ಆಗುತ್ತದೆ.

ಹಾಸನ ಜಾವಾ:

ಸರಿ ಮಾಡಿದ ಮೇಲೆ ಬೇಕೆಂದೇ ಆ್ಯಪ್ ಕೆಡಿಸಿ ನೋಡಿದಿರಾ? ಟೆಸ್ಟ್ ಸೋಲುವುದನ್ನು ನಿಮ್ಮ ಕಣ್ಣಾರೆ ಕಂಡಿರಾ?

ಮಳೆಮಾಪಕ, ಚಿಕ್ಕಮಗಳೂರು:

ಈಗ ನೋಡಿದೆ. ಒಟ್ಟುಮಳೆ ಒಳಗೆ ಅಂಕೆಗೆ ಬದಲಿಸುವ ಸಾಲನ್ನು ಅಳಿಸಿ ಓಡಿಸಿದೆ. ತಿಂಗಳ ಟೆಸ್ಟ್ ಕೆಂಪಾಯಿತು: ಎಕ್ಸ್‌ಪೆಕ್ಟೆಡ್ '01025' ಟು ಈಕ್ವಲ್ 35. ಒಂದು ದಿನದ್ದೂ ಕೆಂಪು: ಎಕ್ಸ್‌ಪೆಕ್ಟೆಡ್ '010' ಟು ಈಕ್ವಲ್ 10. ಅಳಿಸಿದ ಸಾಲು ವಾಪಸ್ ಹಾಕಿದೆ, ಹಸಿರು. ಕೊಪ್ಪವನ್ನು ಪಟ್ಟಿ ಓದುವ ಕಡೆಯೇ ಸರಿಪಡಿಸಿದ್ದೇನೆ. ಮೂಡಿಗೆರೆಯವರಿಗೆ ಫೋನ್ ಮಾಡಿ ಅವರ ಪುಸ್ತಕದ ಹಳೆಯ ಮಳೆ ಲೆಕ್ಕ ಕಳುಹಿಸಲು ಕೇಳಿದ್ದೇನೆ. ಅವರು ಕೈಯಲ್ಲಿ ಬರೆದ ತಿಂಗಳ ಮೊತ್ತಗಳನ್ನೇ ಮುಂದಿನ ಟೆಸ್ಟ್‌ಗಳ ನಿರೀಕ್ಷೆಯಾಗಿ ಹಾಕುತ್ತೇನೆ.